ಬೆಂಗಳೂರಿನ ಲೋಹಮೇಳಗಳು

ಸಂಕ್ರಾಂತಿಯ ಹಬ್ಬಕ್ಕೆ ಯಾದಗಿರಿ ತಾಲೂಕಿನ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ ನೆರೆಯುವುದು ಸೈದಾಪುರದ ಸೀಮೆಯವರಿಗೆಲ್ಲ ತಿಳಿದದ್ದೇ. ಭಂಡಾರದ ಹಳದಿಯಲ್ಲಿ ಮುಳುಗಿದ ಆ ಜನಸ್ತೋಮದ ನಡುವೆ ಡೊಳ್ಳುಗಳು ಒಮ್ಮೆಗೇ ಮೊರೆಯತೊಡಗಿದರೆ ಪಕ್ಕದಲ್ಲಿ ನಿಂತವನ ಮಾತು ಕಿವಿಗೆ ಬೀಳುವುದಿಲ್ಲ. ಎದೆಯ ಗೂಡೇ ಇನ್ನೊಂದು ಡೊಳ್ಳಿನಂತೆ ಅದಿರುತ್ತದೆ. ಆ ಮೊರೆತದ ನಡುವೆಯೇ ಕಬ್ಬಿಣದ ಸರಪಳಿಯನ್ನು ಎಳೆದು ಹರಿಯುವ ಸೇವೆಯೂ ನಡೆಯುತ್ತದೆ. ಮೊಹರಮ್ಮಿನ ರಾತ್ರಿಯಲ್ಲಿ ಅಲಾಯಿ ಕುಣಿಯ ಸುತ್ತ ಬಡಿಯುವ ಹಲಗೆಯನ್ನಾಗಲಿ, ವೀರಭದ್ರನ ಮುಂದೆ ಸಮ್ಮಾಳದ ಪೆಟ್ಟಿಗೆ ಸರಿಯಾಗಿ ಪುರವಂತರು ಒಡಪು ಒದರುವ ಆ ಕಠೋರ ಕಂಠವನ್ನಾಗಲಿ ಈ ಸೀಮೆಯಲ್ಲಿ ಯಾರೂ ಗದ್ದಲವೆಂದು ಹಳಿದವರಲ್ಲ. ಆದರೆ ಮನೆಯ ತರುಣನು ವಿದ್ಯುತ್ ಗಿಟಾರಿನ ಧ್ವನಿಮುದ್ರಿಕೆಯೊಂದನ್ನು ಹಚ್ಚಿದೊಡನೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಸದ್ದಿನ ಪ್ರಮಾಣವೊಂದೇ ಇದಕ್ಕೆ ಕಾರಣವಾಗಿರಲಾರದು.

ಹೆವಿ ಮೆಟಲ್ ಎಂದು ಲೋಕದಲ್ಲಿ ಹೆಸರಾದ, ಕನ್ನಡದಲ್ಲಿ ಲೋಹಸಂಗೀತವೆಂದು ಕರೆಯಬಹುದಾದ ಈ ಪದ್ಧತಿಯು ಕರ್ನಾಟಕದ ರಾಜಧಾನಿಯಲ್ಲಿ ೧೯೮೦ರ ದಶಕದ ಕೊನೆಯ ವರ್ಷಗಳಿಂದ ಬೇರು ಬಿಟ್ಟಿದೆ. ಅಲ್ಲಿ ೧೯೯೮ರಲ್ಲಿ ಹುಟ್ಟಿದ ಕ್ರಿಪ್ಟಾಸ್ ಎಂಬ ಮೇಳವು ಯೂರೋಪಿನ ದೊಡ್ಡ ವೇದಿಕೆಗಳನ್ನು ಏರಿ ಬಂದಿದೆ. ಇಷ್ಟಾದರೂ ಕನ್ನಡದ ಸಾಹಿತ್ಯಪತ್ರಿಕೆಗಳಲ್ಲಿ ಅದರ ಪ್ರಸ್ತಾಪವು ಬರುವುದು ಅಪರೂಪ. ಪತ್ರಿಕೆಗಳನ್ನೇ ದೂರುವುದೂ ನ್ಯಾಯವಲ್ಲ. ಆ ಮೇಳದವರು ಹಾಡುವುದೆಲ್ಲ ಇಂಗ್ಲೀಷಿನಲ್ಲಿ. ಕನ್ನಡನಾಡಿನ ನಟ್ಟನಡುವೆ ಬೆಳೆದ ಕಲೆಯೊಂದು ಅಷ್ಟು ಕಾಲ ಕನ್ನಡವನ್ನು ಮುಟ್ಟದೆ ಬೆಳೆದುದು ಹೇಗೆ, ಕೊನೆಗೆ ಮುಟ್ಟಿದಾಗ ಯಾವ ರೂಪದಲ್ಲಿ ಮುಟ್ಟಿತು ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಈ ಸಂಗೀತದ ಹೆಸರಿನಲ್ಲಿರುವ ಲೋಹವು ಬರಿಯ ಅಲಂಕಾರವಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣವು ಕುಲುಮೆಗಳ ಊರು. ಅಲ್ಲಿ ಟೋನಿ ಐಯೋಮಿ ಎಂಬ ಹದಿನೇಳು ವರ್ಷದ ಹುಡುಗನು ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದನು. ಕೆಲಸ ಬಿಡಬೇಕೆಂದಿದ್ದ ಕೊನೆಯ ದಿವಸವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳು ಹಾರಿಹೋದವು. ಎಡಚನಾದುದರಿಂದ ಗಿಟಾರಿನ ತಂತಿಯನ್ನು ಒತ್ತುವ ಕೈಯೇ ಅದು. ಇನ್ನು ನುಡಿಸುವ ಮಾತಿಲ್ಲವೆಂದು ಕುಗ್ಗಿ ಕುಳಿತವನಿಗೆ, ಬೆಂಕಿಯಲ್ಲಿ ಬೆರಳುಗಳ ಬಲವನ್ನು ಕಳೆದುಕೊಂಡೂ ಜಗತ್ಪ್ರಸಿದ್ಧನಾದ ಜಾಂಗೋ ರೈನ್‌ಹಾರ್ಟನ ಮುದ್ರಿಕೆಯನ್ನು ಕಾರ್ಖಾನೆಯ ಮೇಸ್ತ್ರಿಯೇ ತಂದು ಕೇಳಿಸಿದನಂತೆ. ಹುಡುಗನು ಪ್ಲಾಸ್ಟಿಕ್ಕಿನ ಸೀಸೆಯನ್ನು ಕರಗಿಸಿ ಬೆರಳಿಗೆ ಕುಪ್ಪಿಗೆಗಳನ್ನು ಮಾಡಿಕೊಂಡನು. ಗಟ್ಟಿ ತಂತಿಯನ್ನು ಒತ್ತಲಾರದೆ ತೆಳುವಾದ ತಂತಿಗಳನ್ನು ಹೂಡಿದನು. ಮುಂದೆ ಅವುಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಕ್ಕಿಳಿಸಿದನು. ಶ್ರುತಿ ಇಳಿದಂತೆ ನಾದವು ಕಪ್ಪಾಯಿತು, ಭಾರವಾಯಿತು. ಅವನೂ ಸಂಗಡಿಗರೂ ೧೯೬೮ರಲ್ಲಿ ಕಟ್ಟಿದ ಬ್ಲ್ಯಾಕ್ ಸ್ಯಾಬತ್ ಮೇಳದ ಮೊದಲ ಮುದ್ರಿಕೆಯು ೧೯೭೦ರ ಫೆಬ್ರವರಿಯಲ್ಲಿ ಹೊರಬಿದ್ದಿತು. ಲೋಹಸಂಗೀತದ ಶಕವನ್ನು ಬಹುಮಂದಿ ಅಂದಿನಿಂದಲೇ ಎಣಿಸುತ್ತಾರೆ.

ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಸಂಗೀತದ ಮೂಲವು ಭಾರತೀಯರಿಗೆ ಅಪರಿಚಿತವಾದುದಲ್ಲ. ಲೋಹಮೇಳದ ಗಿಟಾರುಗಾರನು ಏಕಕಾಲದಲ್ಲಿ ಒತ್ತುವ ಸ್ವರಗಳು ಮುಖ್ಯವಾಗಿ ಎರಡೇ. ಒಂದು ಷಡ್ಜ, ಇನ್ನೊಂದು ಪಂಚಮ. ಪಾಶ್ಚಾತ್ಯ ಸಂಗೀತದಲ್ಲಿ ಸ್ವರಮೈತ್ರಿಗೆ ಜೀವಾಳವಾದ ಗಾಂಧಾರವನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. ಇದಕ್ಕೆ ಕಾರಣವುಂಟು. ಧ್ವನಿವರ್ಧಕದ ಶಕ್ತಿಗೆ ಮೀರಿ ನಾದವನ್ನು ನೂಕಿದಾಗ ಅದು ಒಡೆದು ಕರಕರಿಸುತ್ತದೆ, ಹುಟ್ಟಬಾರದ ಅನುಸ್ವರಗಳು ನೂರಾರು ಹುಟ್ಟುತ್ತವೆ. ಆ ಒಡಕಿನಲ್ಲಿ ಗಾಂಧಾರವೂ ಸೇರಿದರೆ ಎಲ್ಲವೂ ಕಲಸಿ ಕೆಸರಾಗುವುದು. ಷಡ್ಜಪಂಚಮಗಳಾದರೋ ಎರಡಕ್ಕೆ ಮೂರರ ಸರಳ ಪ್ರಮಾಣದಲ್ಲಿರುವುದರಿಂದ ಒಡಕನ್ನು ತಡೆದುಕೊಂಡು ಗೋಡೆಯಂತೆ ನಿಲ್ಲುತ್ತವೆ. ತಂಬೂರಿಯ ತಂತಿಗಳನ್ನು ಪಂಚಮಷಡ್ಜಗಳಿಗೆ ಕೂಡಿಸಿದವರಿಗೆ ಈ ವಿವೇಕವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇನ್ನೊಂದು ವಿನೋದವೂ ಇದೆ. ಬ್ಲ್ಯಾಕ್ ಸ್ಯಾಬತ್ತಿನ ಮೊದಲ ಹಾಡು ನಿಂತಿರುವುದು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಣ ಅಂತರದ ಮೇಲೆ. ಆ ಅಂತರಕ್ಕೆ ಯೂರೋಪಿನ ಹಳೆಯ ಸಂಗೀತಜ್ಞರು ಸೈತಾನನ ಹೆಸರನ್ನು ಕೊಟ್ಟಿದ್ದರು. ಅದೇ ಪ್ರತಿಮಧ್ಯಮವನ್ನು ಕಲ್ಯಾಣಿಯಲ್ಲಿ ಇಟ್ಟು ಕರ್ನಾಟಕದ ಗಾಯಕರು ಮಂಗಳವನ್ನು ಸಾಧಿಸುತ್ತಾರೆ. ಲೋಹದವರಿಗೆ ಪ್ರಿಯವಾದ ಇನ್ನೊಂದು ಸ್ವರಶ್ರೇಣಿಯು ಹಿಂದುಸ್ಥಾನಿಯ ಭೈರವೀ ಥಾಟಿಗೆ ಸಮನಾದುದು. ಕೋಮಲ ರಿಷಭದ ಆ ಕೊರಗನ್ನು ಅವರು ಭಕ್ತಿಗಲ್ಲದೆ ಭೀತಿಗೆ ಬಳಸುತ್ತಾರೆ, ಅಷ್ಟೇ ಭೇದ.

೧೯೭೫ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಐರನ್ ಮೇಡನ್ ಮೇಳದವರು ಈ ಭಾರದ ನಾದಕ್ಕೆ ವೇಗವನ್ನು ಕೂಡಿಸಿದರು. ಅವರ ಪ್ರಸಿದ್ಧವಾದ ಲಯವು ಒಂದು ದೀರ್ಘ, ಎರಡು ಹ್ರಸ್ವ. ಛಂದಸ್ಸು ಬಲ್ಲವರು ಭಗಣವೆಂದು ಒಡನೆಯೇ ಗುರುತಿಸಬಹುದು. ಭಗಣವು ಎಡೆಬಿಡದೆ ಸಾಗಿದರೆ ಕುದುರೆಯ ನಾಗಾಲೋಟವಾಗುತ್ತದೆ. ಅದರ ಮೇಲೆ ಎರಡು ಗಿಟಾರುಗಳು ಗಾಂಧಾರದ ಅಂತರದಲ್ಲಿ ಜೊತೆಜೊತೆಯಾಗಿ ಒಂದೇ ಪಲುಕನ್ನು ನುಡಿಸುತ್ತ ಹೋಗುತ್ತವೆ. ಕೆಳಗಿನ ಗೋಡೆಯಿಂದ ಹೊರಹಾಕಿದ ಗಾಂಧಾರವು ಹೀಗೆ ಮೇಲಿನ ಮಾಳಿಗೆಯಲ್ಲಿ ಮರಳಿ ಬಂದು ಕುಳಿತಿತು. ಜೂಡಾಸ್ ಪ್ರೀಸ್ಟ್, ಐರನ್ ಮೇಡನ್ ಮೊದಲಾದವರ ಈ ಶೈಲಿಯೇ ಮುಂದೆ ಬೆಂಗಳೂರಿನ ತರುಣರಿಗೆ ಗುರುಕುಲವಾಯಿತು.

ಬೆಂಗಳೂರಿನಲ್ಲಿ ಇಂಥ ಸಂಗೀತಕ್ಕೆ ನೆಲ ಹದವಾಗಿದ್ದುದು ಆಕಸ್ಮಿಕವಲ್ಲ. ೧೮೦೯ರಲ್ಲಿ ಇಂಗ್ಲೀಷರು ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ತಮ್ಮ ಸೇನೆಯನ್ನು ಬೆಂಗಳೂರಿಗೆ ತಂದು ದಂಡುಪ್ರದೇಶವನ್ನು ಕಟ್ಟಿದರು. ಒಂದೇ ಹೆಸರಿನ ಎರಡು ಊರುಗಳು ಮಗ್ಗುಲುಮಗ್ಗುಲಾಗಿ ಬೆಳೆದವು. ಪೇಟೆಯಲ್ಲಿ ಕನ್ನಡ, ತೆಲುಗು, ಕರಗ, ಹರಿಕಥೆ. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲೀಷು, ಇಗರ್ಜಿಯ ವಾದ್ಯ, ಪಲ್ಟಣದ ಬ್ಯಾಂಡು. ದಂಡುಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿದುದು ೧೯೪೭ರ ಜುಲೈ ತಿಂಗಳಿನಲ್ಲಿ. ಎರಡೂ ಊರುಗಳು ಒಂದೇ ಪೌರಸಭೆಯ ಆಡಳಿತಕ್ಕೆ ಬಂದುದು ೧೯೪೯ರಲ್ಲಿ. ಆಡಳಿತ ಒಂದಾದರೂ ಕಿವಿಗಳು ಒಂದಾಗಲಿಲ್ಲ. ದಂಡಿನ ಕಡೆಯ ಮನೆಗಳಲ್ಲಿ ಗಿಟಾರು ಪರಕೀಯ ವಸ್ತುವಾಗಿರಲಿಲ್ಲ. ಪೇಟೆಯ ಕಡೆಯ ಮನೆಗಳಲ್ಲಿ ಅದು ಚಲಚ್ಚಿತ್ರದ ಹಾಡಿನೊಳಗೆ ಮಾತ್ರ ಕೇಳಿಸುತ್ತಿತ್ತು.

ಪಾಶ್ಚಾತ್ಯ ಸಂಗೀತವೆಂದರೆ ಕನ್ನಡದ ಅರಸರಿಗೂ ಅನಾದರವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಆಟೋ ಶ್ಮಿಟ್ ಎಂಬ ಜರ್ಮನಿಯ ಬ್ಯಾಂಡುಮಾಸ್ತರರು ವಾದ್ಯವೃಂದವನ್ನು ತಿದ್ದುತ್ತಿದ್ದರು. ಜಯಚಾಮರಾಜ ಒಡೆಯರು ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಸಂಗೀತ ಸಂಘಕ್ಕೆ ಮೊದಲ ಅಧ್ಯಕ್ಷರಾದರು; ಬಡತನದಲ್ಲಿ ಮುಪ್ಪಾಗುತ್ತಿದ್ದ ರಷ್ಯದ ಮೆಟ್ನರನ ಕೃತಿಗಳು ಮುದ್ರಿಕೆಗಳಲ್ಲಿ ಉಳಿದುದು ಅವರ ದ್ರವ್ಯದಿಂದಲೇ. ಹೊರಗಿನ ವಾದ್ಯವನ್ನು ಒಳಕ್ಕೆ ಕರೆದುಕೊಂಡ ಉದಾಹರಣೆಗಳೂ ಕಡಿಮೆಯಿಲ್ಲ. ಪಿಟೀಲು ಇಂದು ಪರದೇಶದ್ದೆಂದು ಯಾರಿಗೂ ತೋರುವುದಿಲ್ಲ. ನಾಟಕ ಕಂಪನಿಗಳ ಕಾಲುಪೆಟ್ಟಿಗೆಯನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ, ಆ ಹಾರ್ಮೋನಿಯಮ್ಮನ್ನು ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಬಹಿಷ್ಕರಿಸಿದ್ದಿತೆಂದರೆ ಸೋಜಿಗವಾದೀತು. ವಾದ್ಯವು ಊರಿನದಾಗುವುದು ಊರಿನ ಹಾಡನ್ನು ನುಡಿಸತೊಡಗಿದ ಮೇಲೆ. ವಿದ್ಯುತ್ ಗಿಟಾರಿಗೆ ಬೆಂಗಳೂರಿನಲ್ಲಿ ಆ ಅವಕಾಶವು ಬಹುಕಾಲ ಒದಗಲಿಲ್ಲ.

೧೯೮೦ರ ದಶಕದ ಕೊನೆಯಲ್ಲಿ ಮಿಲೆನಿಯಮ್ ಎಂಬ ಮೇಳವು ಬೆಂಗಳೂರಿನಲ್ಲಿ ಲೋಹಸಂಗೀತವನ್ನು ನುಡಿಸತೊಡಗಿದ್ದಿತು. ಆಗಿನ ತರುಣರಿಗೆ ಈ ವಿದ್ಯೆಯು ಬಂದುದು ಕ್ಯಾಸೆಟ್ಟುಗಳ ಮೂಲಕ. ವಿದೇಶದಿಂದ ಬಂದ ಬಂಧುವೊಬ್ಬನ ಪೆಟ್ಟಿಗೆಯಲ್ಲಿ ಒಂದು ಮುದ್ರಿಕೆ ಸಿಕ್ಕಿತೆಂದರೆ ಅದು ಕೈಯಿಂದ ಕೈಗೆ ಹೋಗಿ, ನಕಲಿನ ನಕಲಾಗಿ, ಕೊನೆಗೆ ಮೂಲದ ಒಡಕೋ ನಕಲಿನ ಒಡಕೋ ತಿಳಿಯದಂತಾಗುತ್ತಿತ್ತು. ತಾಳೆಗರಿಯ ಕಾವ್ಯಗಳಿಗೆ ಲಿಪಿಕಾರರಿಂದ ಒದಗಿದ ಗತಿಯೇ ಇದಕ್ಕೂ ಒದಗಿತೆನ್ನಬಹುದು. ೧೯೯೧ರ ಆರ್ಥಿಕ ನೀತಿಯ ಮಾರ್ಪಾಡಿನ ತರುವಾಯ ಉಪಗ್ರಹದ ದೂರದರ್ಶನವು ಬಂದು, ಹೊರಗಿನ ಸಂಗೀತವು ಕಣ್ಣಿಗೂ ಕಾಣಿಸತೊಡಗಿತು.

ಸರಿಯಾಗಿ ಆ ಹೊತ್ತಿಗೆ ಅಮೆರಿಕದಲ್ಲಿ ಲೋಹವು ಹೊಸ ವೇಷವನ್ನು ತೊಟ್ಟಿದ್ದಿತು. ಕ್ಯಾಲಿಫೋರ್ನಿಯದ ಕಾರ್ನ್ ಎಂಬ ಮೇಳವು ೧೯೯೪ರಲ್ಲಿ ತನ್ನ ಮೊದಲ ಮುದ್ರಿಕೆಯನ್ನು ಹೊರತಂದು, ನ್ಯೂ ಮೆಟಲ್ ಅಥವಾ ನವಲೋಹವೆಂಬ ಪಂಥಕ್ಕೆ ದಾರಿ ಮಾಡಿಕೊಟ್ಟಿತು. ಈ ಪಂಥದವರು ಗಿಟಾರಿಗೆ ಏಳನೆಯ ತಂತಿಯನ್ನು ಹಚ್ಚಿ ಶ್ರುತಿಯನ್ನು ಇನ್ನೂ ಪಾತಾಳಕ್ಕಿಳಿಸಿದರು. ಏಕವ್ಯಕ್ತಿಯ ಆಲಾಪನೆಯನ್ನು ಬಹುಮಟ್ಟಿಗೆ ತೊರೆದರು. ಕರಿಯರ ರ‍್ಯಾಪ್ ಪದ್ಧತಿಯಿಂದ ತಾಳಕ್ಕೆ ಮಾತು ಜೋಡಿಸುವ ರೀತಿಯನ್ನು ತೆಗೆದುಕೊಂಡರು. ಡಪ್ಪಿನ ಮೇಲೆ ಲಾವಣಿಕಾರನು ಸವಾಲು ಎಸೆಯುವುದನ್ನು ಕೇಳಿದವರಿಗೆ ಇದರ ಸೊಗಸು ಸ್ವಲ್ಪಮಟ್ಟಿಗೆ ತಿಳಿದೀತು. ವಸ್ತುವೂ ಬದಲಾಯಿತು. ದೇವದಾನವರ ಯುದ್ಧವನ್ನು ಬಿಟ್ಟು ಮನೆಯೊಳಗಿನ ಪೆಟ್ಟು, ಶಾಲೆಯ ಅವಮಾನ, ಒಂಟಿತನ ಇವುಗಳನ್ನೇ ಹಾಡಿದರು. ೨೦೦೦ದಲ್ಲಿ ಬಂದ ಲಿಂಕಿನ್ ಪಾರ್ಕಿನ ಮೊದಲ ಮುದ್ರಿಕೆಯು ಕೋಟಿಗಟ್ಟಲೆ ಖರ್ಚಾಯಿತು. ಕಾರ್ನ್ ಮೇಳದವರು ಮುಂದೆ ೨೦೧೨ರಲ್ಲಿ ಬೆಂಗಳೂರಿಗೂ ಬಂದುಹೋದರು.

ಹಳೆಯ ಲೋಹವು ಸತ್ತಿತೆಂದೇ ಲೋಕವು ನಂಬಿದ್ದ ಆ ವೇಳೆಯಲ್ಲಿ, ೧೯೯೮ರಲ್ಲಿ, ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬ ಇಬ್ಬರು ಬೆಂಗಳೂರಿನಲ್ಲಿ ಕ್ರಿಪ್ಟಾಸ್ ಮೇಳವನ್ನು ಕಟ್ಟಿದರು. ಗ್ರೀಕಿನಲ್ಲಿ ಆ ಪದಕ್ಕೆ ಗುಪ್ತವೆಂದು ಅರ್ಥ; ಕೆಲವು ವರ್ಷಗಳವರೆಗೆ ಹೆಸರು ಅನ್ವರ್ಥವಾಗಿಯೇ ಇದ್ದಿತು. ಮೊದಲ ಮುದ್ರಿಕೆ ‘ಸ್ಪೈರಲ್ ಅಸೆಂಟ್’ ಹೊರಬರುವುದಕ್ಕೆ ಆರು ವರ್ಷಗಳು ಹಿಡಿದವು. ೨೦೦೪ರ ಆ ಕೃತಿಯಲ್ಲಿ ತಾರುಣ್ಯದ ಗುಣವೂ ದೋಷವೂ ಬೆರೆತಿವೆ. ಕಲಿತದ್ದೆಲ್ಲವನ್ನೂ ಒಂದೇ ಎಲೆಯಲ್ಲಿ ಬಡಿಸುವ ಆತುರ, ಲಯವನ್ನು ಪದೇ ಪದೇ ಮುರಿದು ಕಟ್ಟುವ ಚಾಪಲ್ಯ ಅಲ್ಲಿ ಕಾಣುತ್ತವೆ. ೨೦೦೮ರ ‘ದಿ ಆರ್ಕ್ ಆಫ್ ಜೆಮಿನೈ’ ಎಂಬ ಎರಡನೆಯದರಲ್ಲಿ ಕೈ ಪಳಗಿದೆ. ಸಂಗೀತವು ಉಸಿರಾಡುವುದಕ್ಕೆ ಸ್ಥಳವನ್ನು ಬಿಡಲು ಕಲಿತಿದೆ. ಅಷ್ಟರಲ್ಲಿ ರೋಹಿತ್ ಚತುರ್ವೇದಿಯು ಎರಡನೆಯ ಗಿಟಾರಿಗೆ ಬಂದಿದ್ದುದರಿಂದ ಜೋಡಿಗಿಟಾರಿನ ಮಾಳಿಗೆಯು ಎದ್ದು ನಿಂತಿತು. ಗಣೇಶನು ಮೇಳವನ್ನು ಬಿಟ್ಟ ಮೇಲೆ ಹಾಡುವ ಭಾರವು ನೋಲನನ ಮೇಲೆ ಬಿದ್ದಿತು.

ಈ ಮೇಳದ ಶೈಲಿಯ ವಿಶೇಷವು ಒಂದು ವಿರೋಧಾಭಾಸದಲ್ಲಿದೆ. ಗಿಟಾರುಗಳು ನುಡಿಸುವುದು ೧೯೮೦ರ ದಶಕದ ಸ್ಪಷ್ಟವಾದ, ಇಂಪನ್ನು ನಾಚದ ಪಲುಕುಗಳನ್ನು. ಆ ಕಾಲದ ಮೇಳಗಳಲ್ಲಿ ಅದಕ್ಕೆ ತಕ್ಕಂತೆ ತಾರಸ್ಥಾಯಿಯಲ್ಲಿ ಗರುಡನಂತೆ ಕೂಗುವ ಗಾಯಕನಿರುತ್ತಿದ್ದನು. ಕ್ರಿಪ್ಟಾಸಿನಲ್ಲಾದರೋ ಕಂಠವು ನೆಲಬಿಟ್ಟು ಏಳುವುದಿಲ್ಲ. ಒಣಗಿದ, ಗರಗಸದಂಥ ಗೊಗ್ಗರು ದನಿಯು ಮಾತುಗಳನ್ನು ತಾಳಕ್ಕೆ ಸರಿಯಾಗಿ ಕಡಿದಿಡುತ್ತದೆ. ರಾಗದ ಕೆಲಸವೆಲ್ಲ ತಂತಿಗಳದ್ದು, ಕಂಠದ್ದು ಕೇವಲ ಪೆಟ್ಟು. ಇದರಿಂದ ಹಳೆಯ ಶೈಲಿಗೆ ಹೊಸ ಕ್ರೌರ್ಯವು ಬಂದಿತು. ಕೊರತೆಯೂ ಇಲ್ಲದಿಲ್ಲ. ಒಂದೇ ಬಣ್ಣದ ಕಂಠವನ್ನು ಮುಕ್ಕಾಲು ಗಂಟೆ ಕೇಳಿದ ಮೇಲೆ ಕಿವಿಯು ಬೇರೆ ಬಣ್ಣವನ್ನು ಹುಡುಕುತ್ತದೆ. ಗಿಟಾರುಗಳು ಎಷ್ಟು ಶ್ರಮಿಸಿದರೂ ಆ ಹಸಿವು ಪೂರ್ತಿ ತೀರುವುದಿಲ್ಲ.

೨೦೧೦ರಲ್ಲಿ ಕ್ರಿಪ್ಟಾಸಿನವರು ಯೂರೋಪಿನ ಊರೂರುಗಳಲ್ಲಿ ನುಡಿಸಿ ಬಂದರು. ಭಾರತದ ಲೋಹಮೇಳವೊಂದು ಹಾಗೆ ಯೂರೋಪನ್ನು ಸುತ್ತಿದುದು ಅದೇ ಮೊದಲೆಂದು ಪರಿಗಣಿಸುತ್ತಾರೆ. ೨೦೧೨ರಲ್ಲಿ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ ಬಂದಿತು; ಮರುವರ್ಷ ಜರ್ಮನಿಯ ವಾಕನ್ ಉತ್ಸವಕ್ಕೆ ಕರೆ ಬಂದಿತು.

ವಾಕನ್ ಎಂಬುದು ಜರ್ಮನಿಯ ಉತ್ತರದಂಚಿನ ಒಂದು ಹಳ್ಳಿ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಸುತ್ತ ಹುಲ್ಲುಗಾವಲು, ದನಗಳು. ೧೯೯೦ರಲ್ಲಿ ಆ ಊರಿನ ಹುಡುಗರಿಬ್ಬರು ಸೇರಿ ಹಚ್ಚಿದ ಲೋಹಸಂಗೀತದ ಉತ್ಸವಕ್ಕೆ ಈಗ ಪ್ರತಿವರ್ಷ ಎಪ್ಪತ್ತೈದು ಸಾವಿರಕ್ಕೂ ಮೀರಿ ಜನರು ಬರುತ್ತಾರೆ. ಮಳೆ ಬಂದರೆ ಮೊಳಕಾಲುದ್ದ ಕೆಸರು. ಊರಿನ ಅಗ್ನಿಶಾಮಕ ದಳದವರ ತುತ್ತೂರಿಯ ವಾದ್ಯಮೇಳವು ಕಪ್ಪುಬಟ್ಟೆಯ ಜನಸಮುದ್ರದ ಮುಂದೆ ಹಳೆಯ ಹಳ್ಳಿಯ ಧಾಟಿಗಳನ್ನು ನುಡಿಸುತ್ತದೆ, ಜನರು ಕುಣಿಯುತ್ತಾರೆ. ಇದಕ್ಕೆ ಕನ್ನಡದಲ್ಲಿ ಜಾತ್ರೆಯೆಂಬ ಪದವಲ್ಲದೆ ಬೇರೆ ಪದವಿಲ್ಲ. ಆಟೋ ಶ್ಮಿಟ್ಟರು ಜರ್ಮನಿಯಿಂದ ಮೈಸೂರಿಗೆ ಸಂಗೀತವನ್ನು ಹೇಳಿಕೊಡಲು ಬಂದ ಎಷ್ಟೋ ದಶಕಗಳ ಮೇಲೆ ಬೆಂಗಳೂರಿನ ನಾಲ್ವರು ಜರ್ಮನಿಯ ಹಳ್ಳಿಯ ಜಾತ್ರೆಯಲ್ಲಿ ನುಡಿಸಿದರು. ೨೦೧೭ರಲ್ಲಿ ಅವರನ್ನು ಅಲ್ಲಿಗೆ ಮತ್ತೊಮ್ಮೆ ಕರೆಸಿಕೊಂಡರು.

ಈ ಆದರಕ್ಕೆ ಕಾರಣವೇನೆಂದು ಹುಡುಕಿದರೆ, ಹೊಸ ಅಲೆಯ ಬೆನ್ನು ಹತ್ತದೆ ಹಳೆಯ ಕಸುಬನ್ನು ಬಿಡದೆ ಹಿಡಿದುದೇ ಎಂದು ತೋರುತ್ತದೆ. ನವಲೋಹದ ಅನುಕರಣೆ ಮಾಡಿದ ಮೇಳಗಳು ಕಾಲೇಜುಗಳ ಉತ್ಸವಗಳಲ್ಲಿ ಮಿಂಚಿ, ಅಮೆರಿಕದಲ್ಲಿ ಆ ಅಲೆಯು ಇಳಿದೊಡನೆ ತಾವೂ ಇಳಿದವು. ಕ್ರಿಪ್ಟಾಸಿನವರು ಅನುಕರಣೆ ಮಾಡಲಿಲ್ಲವೆಂದಲ್ಲ. ಅವರು ಅನುಕರಿಸಿದುದು ಪೇಟೆಯಲ್ಲಿ ಬೆಲೆಯಿಲ್ಲದ ವಸ್ತುವನ್ನು. ಬೆಲೆಯಿಲ್ಲದಿರುವಾಗ ಹಿಡಿದುಕೊಂಡವನ ಕೈಯಲ್ಲಿ ಅದು ಕಸುಬಾಯಿತು. ೨೦೧೬ರಲ್ಲಿ ಜರ್ಮನಿಯ ಎಎಫ್‌ಎಮ್ ಎಂಬ ಮುದ್ರಣಸಂಸ್ಥೆಯು ಅವರ ‘ಬರ್ನ್ ಅಪ್ ದಿ ಸ್ಕೈ’ಯನ್ನು ಪ್ರಕಟಿಸಿತು. ಅದರ ಹಿಂದೆಯೇ ೨೦೧೯ರಲ್ಲಿ ‘ಆಫ್ಟರ್‌ಬರ್ನರ್’, ೨೦೨೧ರಲ್ಲಿ ‘ಫೋರ್ಸ್ ಆಫ್ ಡೇಂಜರ್’, ೨೦೨೪ರಲ್ಲಿ ‘ಡೆಸಿಮೇಟರ್’ ಬಂದವು. ಒಂದೊಂದರಲ್ಲಿಯೂ ಹಾಡುಗಳು ಹಿಂದಿನದಕ್ಕಿಂತ ನೇರವಾಗುತ್ತ, ಪಲ್ಲವಿಗಳು ಮೊನಚಾಗುತ್ತ ಹೋಗಿವೆ. ಆಫ್ಟರ್‌ಬರ್ನರ್ ಎಂದರೆ ಜೆಟ್ ವಿಮಾನದ ಬಾಲದಲ್ಲಿ ಇನ್ನಷ್ಟು ಇಂಧನವನ್ನು ಸುಟ್ಟು ವೇಗವನ್ನು ಪಡೆಯುವ ಸಾಧನ. ೧೯೪೦ರಿಂದ ವಿಮಾನಗಳ ಕಾರ್ಖಾನೆಯನ್ನು ಇಟ್ಟುಕೊಂಡ ಊರಿನ ಮೇಳಕ್ಕೆ ಅದು ಒಪ್ಪುವ ಹೆಸರೇ ಸರಿ.

ಇಷ್ಟರಲ್ಲಿ ಬೆಂಗಳೂರು ಲೋಹಸಂಗೀತದ ಯಾತ್ರಾಸ್ಥಳವಾಗಿದ್ದಿತು. ೨೦೦೭ರ ಮಾರ್ಚ್ ೧೭ರಂದು ಸಾಕ್ಷಾತ್ ಐರನ್ ಮೇಡನ್ ಮೇಳದವರೇ ಅರಮನೆ ಮೈದಾನದಲ್ಲಿ ನುಡಿಸಿದರು. ಭಾರತದ ಮೂಲೆಮೂಲೆಗಳಿಂದ ರೈಲು ಹತ್ತಿ ಬಂದವರೂ ಸೇರಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ನೆರೆದಿದ್ದರು. ೨೦೧೧ರ ಅಕ್ಟೋಬರ್ ೩೦ರಂದು ಮೆಟಾಲಿಕಾ ಬಂದಿತು. ಎರಡು ದಿನ ಮುಂಚೆ ದಿಲ್ಲಿಯ ಬಳಿಯ ಗುರುಗಾಂವದಲ್ಲಿ ಅದೇ ಮೇಳದ ಕಚೇರಿಯು ರದ್ದಾಗಿ, ಜನರು ಸಿಟ್ಟಿಗೆದ್ದು ವೇದಿಕೆಯನ್ನು ಮುರಿದಿದ್ದರು. ಬೆಂಗಳೂರಿನಲ್ಲಿ ಕಚೇರಿಯು ಸಾಂಗವಾಗಿ ನಡೆಯಿತು.

ಅದೇ ಅರಮನೆ ಮೈದಾನದಲ್ಲಿ, ಐರನ್ ಮೇಡನ್ ಬರುವುದಕ್ಕೆ ಎರಡು ವರ್ಷ ಮುಂಚೆ, ೨೦೦೫ರಲ್ಲಿ, ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ ಎಂಬ ಮಹಾಗಾಯನವು ನಡೆದಿದ್ದಿತು. ಕವಿಗಳ ಗೀತಗಳನ್ನು ಕೇಳುವುದಕ್ಕೆ ಆ ದಿವಸ ಸೇರಿದ ಜನರೂ ಅಪಾರವೇ. ಎರಡು ಜನಸ್ತೋಮಗಳು, ಒಂದೇ ಮೈದಾನ. ಎರಡಕ್ಕೂ ಹೋಗಿದ್ದವರು ಎಷ್ಟು ಮಂದಿಯಿದ್ದರೋ ಹೇಳಲಾಗದು. ದಂಡು ಪೇಟೆಗಳ ನಡುವಣ ಹಳೆಯ ಗೆರೆಯು ಭೂಮಿಯ ಮೇಲಿಂದ ಅಳಿಸಿಹೋಗಿದ್ದರೂ ಈ ಮೈದಾನದಲ್ಲಿ ಕಾಣಿಸಿತೆನ್ನಬೇಕು.

ಕನ್ನಡವು ಲೋಹಸಂಗೀತಕ್ಕೆ ತಡವಾಗಿ ಬಂದುದಕ್ಕೆ ಈ ಗೆರೆಯೊಂದೇ ಕಾರಣವಲ್ಲ. ಕನ್ನಡ ಕಿವಿಯ ಒಂದು ಅಭ್ಯಾಸವೂ ಕಾರಣ. ಕಾಳಿಂಗರಾಯರಿಂದ ಮೊದಲ್ಗೊಂಡು ಮೈಸೂರು ಅನಂತಸ್ವಾಮಿ, ಅಶ್ವತ್ಥರವರೆಗೆ ಭಾವಗೀತದ ಗಾಯಕರೆಲ್ಲ ಕವಿಯ ಮಾತನ್ನು ಸ್ಫುಟವಾಗಿ ಮುಟ್ಟಿಸುವುದನ್ನೇ ಧರ್ಮವೆಂದು ತಿಳಿದವರು. ಸಾಹಿತ್ಯವು ಯಜಮಾನ, ಸಂಗೀತವು ಅದರ ಕುದುರೆ. ಲೋಹದಲ್ಲಿ ಕುದುರೆಯೇ ಮೊದಲು. ಮಾತು ಅದರ ಕೊರಳಿನ ಗಂಟೆಯಷ್ಟೆ. ಕನ್ನಡದಲ್ಲಿ ಹಾಡುವವನಿಗೆ ಮಾತು ಕೇಳಿಸಲಿಲ್ಲವೆಂಬ ಆಕ್ಷೇಪವು ಒಡನೆಯೇ ಬರುತ್ತದೆ. ಇಂಗ್ಲೀಷಿನಲ್ಲಿ ಹಾಡುವವನಿಗೆ ಆ ಭಯವಿಲ್ಲ. ಮೈಸೂರಿನ ರಘು ದೀಕ್ಷಿತರು ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರು ಪಿಟೀಲುಗಳ ಮೇಳಕ್ಕೆ ಅಳವಡಿಸಿ ೨೦೧೧ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯವರೆಗೆ ಒಯ್ದರು. ಅಲ್ಲಿಯೂ ಮಾತೇ ಯಜಮಾನನಾಗಿ ಉಳಿದಿತ್ತು. ಅದು ಲೋಹವಲ್ಲ.

ಹೊರಗೆ ನೋಡಿದರೆ ದಿಲ್ಲಿಯ ಬ್ಲಡಿವುಡ್ ಎಂಬ ಮೇಳವು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ೨೦೧೬ರಲ್ಲಿ ಕರಣ್ ಕಟಿಯಾರ್, ಜಯಂತ್ ಭಡೂಲಾ ಎಂಬ ಇಬ್ಬರು ಮೊದಲು ವಿನೋದಕ್ಕಾಗಿ ಅನ್ಯರ ಹಾಡುಗಳನ್ನು ಲೋಹಕ್ಕೆ ತಿರುಗಿಸುತ್ತಿದ್ದರು. ಕ್ರಿಪ್ಟಾಸ್ ಒಲ್ಲೆನೆಂದ ಅದೇ ನವಲೋಹದ ಅಚ್ಚಿನಲ್ಲಿ ಅವರು ಪಂಜಾಬದ ಢೋಲು, ಕೊಳಲು, ತುಂಬಿಗಳನ್ನು ಸುರಿದರು. ಹಿಂದಿ ಪಂಜಾಬಿಗಳಲ್ಲಿ ಕೂಗಿದರು. ರಾವುಲ್ ಕೆರ್ ಎಂಬವನು ಇಂಗ್ಲೀಷಿನಲ್ಲಿ ಮ್ಯಾಪಿಲ್ಲದ ವೇಗದಿಂದ ಮಾತು ಹೆಣೆದನು. ೨೦೧೯ರಲ್ಲಿ ಅವರೂ ವಾಕನ್ನಿಗೆ ಹೋದರು. ೨೦೨೨ರಲ್ಲಿ ‘ರಕ್ಷಕ್’, ೨೦೨೫ರಲ್ಲಿ ‘ನು ಡೆಲ್ಲಿ’ ಎಂಬ ಮುದ್ರಿಕೆಗಳು ಬಂದವು. ಎರಡನೆಯದರ ಹೆಸರಿನಲ್ಲಿ ನವಲೋಹದ ಹೆಸರನ್ನೇ ಊರಿನ ಹೆಸರಿಗೆ ಬೆಸೆದಿದ್ದಾರೆ. ಢೋಲಿಗೆ ಲೋಹದಲ್ಲಿ ಸ್ಥಳವಿದ್ದರೆ ಡೊಳ್ಳಿಗೂ ಹಲಗೆಗೂ ಇಲ್ಲದಿರಲು ಕಾರಣವಿಲ್ಲ. ಆದರೆ ಜನಪದ ವಾದ್ಯವನ್ನು ಮಸಾಲೆಯಂತೆ ಉದುರಿಸಿದ ಮಾತ್ರಕ್ಕೆ ಅಡುಗೆಯು ಊರಿನದಾಗುವುದಿಲ್ಲ. ಬ್ಲಡಿವುಡ್ಡಿನ ಕೆಲವು ಹಾಡುಗಳಲ್ಲಿಯೂ ಈ ಮಸಾಲೆಯು ಅತಿಯಾಗಿದೆ.

ಬೆಂಗಳೂರಿನಲ್ಲಿ ಕನ್ನಡವು ಮೊದಲು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು. ಕ್ರಿಪ್ಟಾಸನ್ನು ಬಿಟ್ಟ ಗಣೇಶನು ಹಾಡತೊಡಗಿದ ಇನ್ನೊಂದು ಮೇಳದ ಹೆಸರು ‘ಬೇವರ್ ಸೀ’. ಇಂಗ್ಲೀಷಿನಲ್ಲಿ ಓದಿದರೆ ಯಾವುದೋ ಸಮುದ್ರ. ಬಾಯಿಬಿಟ್ಟು ಹೇಳಿದರೆ ಬೇವಾರ್ಸಿ. ವಾರಸುದಾರರಿಲ್ಲದ ಆಸ್ತಿಗೆ ಕಚೇರಿಯ ಭಾಷೆಯಲ್ಲಿ ಬೇವಾರಸು ಎನ್ನುವುದು ನಿಜಾಮರ ಸೀಮೆಯವರಿಗೆ ಹೊಸದಲ್ಲ; ಬೆಂಗಳೂರಿನ ಬೀದಿಯಲ್ಲಿ ಆ ಪದವು ಬೈಗುಳವಾಗಿ ತಿರುಗುತ್ತಿತ್ತು. ಬ್ಲ್ಯಾಕ್ ಸ್ಯಾಬತ್ತಿನ ಮಂದಗತಿಯನ್ನು ಹಿಡಿದ ಆ ಮೇಳವು ೨೦೧೨ರಲ್ಲಿ ಪ್ರಕಟಿಸಿದ ಮೊದಲ ಮುದ್ರಿಕೆಯಲ್ಲಿ ‘ಅಭಿಷ್ಟು’ ಎಂಬ ಹೆಸರಿನ ಹಾಡೊಂದಿದೆ. ಅದೂ ಬೈಗುಳವೇ. ಹಾಡುವ ಭಾಷೆ ಮಾತ್ರ ಇಂಗ್ಲೀಷಾಗಿಯೇ ಉಳಿಯಿತು.

ಕನ್ನಡವನ್ನು ಮುಂಬಾಗಿಲಿನಿಂದ ಕರೆತಂದವರು ‘ದ್ವೇಷ’ ಎಂಬ ಮೇಳದವರು. ಲೋಹಸಂಗೀತದ ಶಾಖೆಗಳಲ್ಲೆಲ್ಲ ಅತ್ಯಂತ ಉಗ್ರವಾದ ಡೆತ್ ಮೆಟಲ್ ಅಥವಾ ಮೃತ್ಯುಲೋಹವು ಅವರದು. ಅದರಲ್ಲಿ ಗಾಯಕನು ಸ್ವರತಂತುಗಳ ಮೇಲಿರುವ ಮಡಿಕೆಗಳನ್ನೂ ಅದುರಿಸಿ ಗುಹೆಯೊಳಗಿನಿಂದ ಬಂದಂಥ ಗುರುಗುಟ್ಟುವ ದನಿಯನ್ನು ಹೊರಡಿಸುತ್ತಾನೆ. ಇಂಗ್ಲೀಷಿನವರಿಗೆ ಇಂಗ್ಲೀಷೇ ತಿಳಿಯದಂತಾಗುವ ದನಿಯದು. ೨೦೧೪ರಲ್ಲಿ ಬಂದ ‘ಸ್ತೂಪ’ ಎಂಬ ಅವರ ಮುದ್ರಿಕೆಯು ಕನ್ನಡದಲ್ಲಿದೆ. ಮಾತು ಕೇಳಿಸಬೇಕೆಂಬ ನಿಯಮವು ಎಲ್ಲಿ ಪೂರ್ತಿಯಾಗಿ ಬಿದ್ದುಹೋಗಿದೆಯೋ ಅಲ್ಲಿಯೇ ಕನ್ನಡಕ್ಕೆ ಎಡೆ ದೊರೆತುದು ವಿಚಿತ್ರವಾದರೂ ಅಸಂಗತವಲ್ಲ. ಪ್ರೇಮವನ್ನೋ ವಿರಹವನ್ನೋ ಈ ಕಂಠದಲ್ಲಿ ಹಾಡಿದ್ದರೆ ನಗೆಗೀಡಾಗುತ್ತಿತ್ತು. ಅವರು ಆರಿಸಿಕೊಂಡುದು ಪುರಾಣವನ್ನು, ಯುದ್ಧವನ್ನು, ಚರಿತ್ರೆಯನ್ನು. ಹಳಗನ್ನಡದ ಕವಿಗಳು ರೌದ್ರಕ್ಕೂ ಬೀಭತ್ಸಕ್ಕೂ ಮೀಸಲಿಟ್ಟ ಒತ್ತಕ್ಷರಗಳ ರಾಶಿಯು ಈ ಗುರುಗುಡುವಿಕೆಯಲ್ಲಿ ಇಂಗ್ಲೀಷಿನ ಮೆತ್ತನೆಯ ಪದಗಳಿಗಿಂತ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ಆ ಮುದ್ರಿಕೆಯ ಒಂದು ಹಾಡಿಗೆ ‘ಹೊಯ್ ಸಳ’ ಎಂದು ಹೆಸರು. ಸೊಸೆವೂರಿನಲ್ಲಿ ಹುಲಿಯು ಮೇಲೆ ಬಿದ್ದಾಗ ಜೈನಮುನಿಯು ಶಿಷ್ಯನಿಗೆ ಕೂಗಿ ಹೇಳಿದನೆಂಬ ಎರಡು ಪದಗಳವು. ಒಂದು ರಾಜವಂಶಕ್ಕೆ ಹೆಸರಾಗಿ, ಬೇಲೂರು ಹಳೇಬೀಡುಗಳಲ್ಲಿ ಕಲ್ಲಾಗಿ ನಿಂತವು. ಹುಲಿಯ ಮುಂದೆ ನಿಂತವನು ಆ ಪದಗಳನ್ನು ಭಾವಗೀತದ ಕಂಠದಲ್ಲಿ ಹೇಳಿರಲಾರನು. ಮೃತ್ಯುಲೋಹದ ಕಂಠದಲ್ಲಿ ಅವನ್ನು ಬಿಡಿಸಿಕೊಳ್ಳುವುದಕ್ಕೆ ಬೆಂಗಳೂರಿನ ಕೇಳುಗನಿಗೆ ಮುದ್ರಿಕೆಯ ಮೇಲಿನ ಬರಹವು ಬೇಕಾದೀತು. ಪುರವಂತರ ಒಡಪನ್ನು ಕೇಳಿ ಬೆಳೆದ ಸೈದಾಪುರದ ಕಡೆಯ ಕಿವಿಗೆ ಎರಡು ಸಲ ಕೇಳಿದರೆ ಸಾಕಾಗಬಹುದು.